ಧ್ವನಿವರ್ಧಕಕ್ಕೊಂದು ಅಂಕುಶ

ಒಂದೇ ಸೂರಿನ ಕೆಳಗೆ ವಾಸಮಾಡುವವರೆಲ್ಲರ ಕಿವಿಗಳೂ ಒಂದೇ ಬಗೆಯವಲ್ಲ. ಕಿವಿ ಮಂದವಾದ ವೃದ್ಧರು ಒಂದು ಮೂಲೆಯಲ್ಲಿರುವರು. ತೊಟ್ಟಿಲ ಕೂಸು ಇನ್ನೊಂದು ಮೂಲೆಯಲ್ಲಿರುವುದು. ಪರೀಕ್ಷೆಗೆ ಓದುವ ವಿದ್ಯಾರ್ಥಿಯು ನಡುಮನೆಯಲ್ಲಿ ಕುಳಿತಿರುವನು. ಅಜ್ಜಿಗೆ ಕೇಳಿಸದ ಹಾಡು ಕೂಸನ್ನು ಬೆಚ್ಚಿಬೀಳಿಸುವುದು. ಆದುದರಿಂದ ಧ್ವನಿವರ್ಧಕ ಯಂತ್ರದಲ್ಲಿ ಮುಖ್ಯವಾದ ಅಂಗ ಯಾವುದೆಂದು ಕೇಳಿದರೆ, ಶಬ್ದವನ್ನು ಹೆಚ್ಚಿಸುವ ಭಾಗವೇ ಎಂದು ಯಂತ್ರಜ್ಞರು ಹೇಳಬಹುದಾದರೂ, ಸಂಸಾರ ನಡೆಸುವ ಗೃಹಸ್ಥನು ಅದನ್ನು ತಗ್ಗಿಸುವ ಬಿರಡೆಯೇ ಎಂದು ನಿಸ್ಸಂಶಯವಾಗಿ ಹೇಳುವನು.

ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಮೈಸೂರಿನಲ್ಲಿ ಆಕಾಶವಾಣಿಯನ್ನು ಸ್ಥಾಪಿಸಿದ ಕಾಲದಿಂದಲೂ ನಮ್ಮ ಮನೆಗಳಲ್ಲಿ ರೇಡಿಯೋವಿನ ಈ ಬಿರಡೆಗೆ ಪರಿಚಯವುಂಟು. ಆದರೆ ಆಗ ಅದನ್ನು ತಿರುಗಿಸಲು ಬಲ್ಲವರು ಬಹುಮಂದಿ. ಜೋಡಿಸಲು ಬಲ್ಲವರು ವಿರಳ. ಈಗಲಾದರೋ ಕಾಲೇಜಿನ ಹುಡುಗರೂ ಹುಡುಗಿಯರೂ ಬೆಂಗಳೂರಿನ ಎಸ್. ಪಿ. ರಸ್ತೆಯಂತಹ ಪೇಟೆಗಳಿಂದ ಬಿಡಿ ಸಾಮಾನುಗಳನ್ನು ತಂದು ಮನೆಯಲ್ಲಿಯೇ ಸಣ್ಣ ಧ್ವನಿವರ್ಧಕವನ್ನು ಕಟ್ಟುತ್ತಿರುವರು. ಇದು ಸಂತೋಷದ ಸಂಗತಿ. ಆದರೆ ಅನೇಕರು ಮಿಕ್ಕೆಲ್ಲವನ್ನೂ ನಕ್ಷೆಯಂತೆ ಕಟ್ಟಿ, ಬಿರಡೆಯನ್ನು ಮಾತ್ರ ಊಹೆಯಿಂದ ಜೋಡಿಸುವರು. ಅದಕ್ಕೆ ಮೂರು ಕಾಲುಗಳೇಕಿವೆ, ಒಂದೊಂದರ ಕೆಲಸವೇನು, ಅವುಗಳನ್ನು ಎಲ್ಲೆಲ್ಲಿ ಬೆಸೆಯಬೇಕು ಎಂಬುದನ್ನು ತಿಳಿಯಪಡಿಸುವುದೇ ಈ ಲೇಖನದ ಉದ್ದೇಶ. ವೀಣೆಯ ಬಿರಡೆಯನ್ನು ತಿರುಗಿಸಿ ಶ್ರುತಿಯನ್ನು ಏರಿಳಿಸುವಂತೆ ಇದನ್ನು ತಿರುಗಿಸಿ ಶಬ್ದದ ಬಲವನ್ನು ಏರಿಳಿಸುವುದರಿಂದ ನಾವು ಇದನ್ನು ಬಿರಡೆಯೆಂದೇ ಕರೆಯುವೆವು. ಅಂಗಡಿಯಲ್ಲಿ ಮಾತ್ರ ‘ವಾಲ್ಯೂಮ್ ಕಂಟ್ರೋಲ್’ ಎಂದೋ ‘ಪಾಟ್’ ಎಂದೋ ಕೇಳತಕ್ಕದ್ದು.

ಹೆಸರಿನ ವಿಚಾರ

‘ಪಾಟ್’ ಎಂಬುದು ಪೊಟೆನ್ಷಿಯೋಮೀಟರ್ ಎಂಬ ಶಬ್ದದ ಸಂಕ್ಷೇಪ. ಜರ್ಮನಿಯ ಭೌತಶಾಸ್ತ್ರಜ್ಞ ಪೋಗೆನ್‌ಡಾರ್ಫ್ ಎಂಬಾತನು ೧೮೪೧ರಲ್ಲಿ ವಿದ್ಯುತ್ಕೋಶಗಳ ಬಲವನ್ನು ಅಳೆಯಲು ಈ ವಿಧಾನವನ್ನು ಕಂಡುಹಿಡಿದನು. ಅಳೆಯುವ ಸಾಧನವಾಗಿ ಹುಟ್ಟಿದುದು ಮುಂದೆ ಹಂಚುವ ಸಾಧನವಾಯಿತು. ಹೆಸರು ಮಾತ್ರ ಹಳೆಯದೇ ಉಳಿಯಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೆ ವಿಭವಮಾಪಕವೆಂದು ಹೆಸರು. ವಿಭವವೆಂದರೆ ವಿದ್ಯುತ್ತಿನ ಮಟ್ಟ ಅಥವಾ ಎತ್ತರವೆಂದು ಇಲ್ಲಿ ಅರ್ಥ. ಸಂಸ್ಕೃತದಲ್ಲಿ ಅದೇ ಶಬ್ದಕ್ಕೆ ಐಶ್ವರ್ಯವೆಂಬ ಅರ್ಥವೂ ಉಂಟು. ಬಂದ ಐಶ್ವರ್ಯದಲ್ಲಿ ಇಷ್ಟು ಪಾಲು ಮುಂದಕ್ಕೆ, ಉಳಿದುದು ಹಿಂದಕ್ಕೆ ಎಂದು ಪಾಲು ಮಾಡುವುದೇ ಈ ಬಿರಡೆಯ ಕೆಲಸವಾದುದರಿಂದ ಎರಡರ್ಥವೂ ಇದಕ್ಕೆ ಒಪ್ಪುವುದು.

ಮೂರು ಕಾಲುಗಳು

ಬಿರಡೆಯ ತಗಡಿನ ಕವಚದೊಳಗೆ ಕುದುರೆಯ ಲಾಳದ ಆಕಾರದ ಒಂದು ಪಟ್ಟಿಯಿದೆ. ಅದರ ಮೇಲೆ ಇಂಗಾಲದ ಲೇಪವಿರುವುದು. ಇಂಗಾಲವು ವಿದ್ಯುತ್ತನ್ನು ಹರಿಯಗೊಡುತ್ತದೆ. ಆದರೆ ತಾಮ್ರದಂತೆ ಸಲೀಸಾಗಿ ಅಲ್ಲ, ತಡೆತಡೆದು. ಈ ತಡೆಯನ್ನು ಓಮ್ ಎಂಬ ಮಾನದಿಂದ ಅಳೆಯುವರು. ಇದು ಜಾರ್ಜ್ ಓಮ್ ಎಂಬ ವಿದ್ವಾಂಸನ ಹೆಸರು. ಕಲೋನ್ ನಗರದ ಪಾಠಶಾಲೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳನ್ನು ಬೋಧಿಸುತ್ತಿದ್ದ ಆ ಉಪಾಧ್ಯಾಯನು ೧೮೨೭ರಲ್ಲಿ ವಿದ್ಯುತ್ತಿನ ನಿಯಮವನ್ನು ಪ್ರಕಟಿಸಿದನೆಂಬುದನ್ನು ಉಪಾಧ್ಯಾಯವೃತ್ತಿಯವರಾದ ನಾವು ಹೇಳದೆ ಬಿಡಲಾರೆವು.

ಪಟ್ಟಿಯ ಎರಡು ತುದಿಗಳಿಗೆ ಎರಡು ಕಾಲುಗಳು ಸೇರಿವೆ. ನಡುವಣ ಮೂರನೆಯ ಕಾಲು ಒಂದು ಲೋಹದ ನಾಲಗೆಗೆ ಸೇರಿದೆ. ದಂಡವನ್ನು ತಿರುಗಿಸಿದಂತೆ ಈ ನಾಲಗೆಯು ಪಟ್ಟಿಯ ಮೇಲೆ ಜಾರುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವುದು.

ದೇವಾಲಯದ ಕಲ್ಯಾಣಿಯ ಮೆಟ್ಟಿಲುಗಳನ್ನು ವಾಚಕರು ನೆನೆಯಲಿ. ಮೇಲಣ ಜಗಲಿಯೇ ಒಳಬರುವ ಶಬ್ದದ ಪೂರ್ಣ ಎತ್ತರ. ಕೆಳಗಿನ ತಳವೇ ಶೂನ್ಯ. ನಡುಗಾಲಿನ ನಾಲಗೆಯು ಯಾವ ಮೆಟ್ಟಿಲ ಮೇಲೆ ನಿಂತಿದೆಯೋ, ತಳದಿಂದ ಆ ಮೆಟ್ಟಿಲಿಗಿರುವ ಎತ್ತರದಷ್ಟು ಶಬ್ದವು ಯಂತ್ರಕ್ಕೆ ಹೋಗುವುದು. ಮೇಲಿನ ಮೆಟ್ಟಿಲಲ್ಲಿ ನಿಂತರೆ ಬಂದುದೆಲ್ಲವೂ ಹೋಗುವುದು. ತಳದಲ್ಲಿ ನಿಂತರೆ ಏನೂ ಹೋಗದು. ಎತ್ತರವೆಂಬುದು ಯಾವಾಗಲೂ ಒಂದು ತಳದಿಂದ ಅಳೆಯತಕ್ಕದ್ದಷ್ಟೆ. ಆದುದರಿಂದ ಮೂರು ಕಾಲುಗಳಲ್ಲಿ ತಳಕ್ಕೆ ಸೇರುವ ಕಾಲು ಕೆಲಸವಿಲ್ಲದ ಕಾಲೆಂದು ಮೇಲ್ನೋಟಕ್ಕೆ ತೋರಿದರೂ ಮಿಕ್ಕೆರಡಕ್ಕೂ ಅದೇ ಆಧಾರ.

ಈ ಮಾತಿಗೆ ಒಂದು ಉದಾಹರಣೆಯನ್ನು ಕೊಡುವೆವು. ನಮ್ಮ ಬೀದಿಯ ಹುಡುಗನೊಬ್ಬನು ತನ್ನ ಅಜ್ಜಿಯ ಸಲುವಾಗಿ ಸಣ್ಣ ಧ್ವನಿವರ್ಧಕವನ್ನು ಕಟ್ಟಿದನು. ಮೊಬೈಲಿನಲ್ಲಿ ಬರುವ ಗಮಕವಾಚನವು ಆಕೆಗೆ ಕೇಳಿಸುತ್ತಿರಲಿಲ್ಲ. ಯಂತ್ರವು ಮೊದಲನೆಯ ದಿನವೇ ಹಾಡಿತು. ಆದರೆ ಬಿರಡೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿದರೂ ಶಬ್ದವು ತಗ್ಗಲೊಲ್ಲದು. ಮಲಗಿದ್ದ ಕೂಸು ಎದ್ದು ಅತ್ತಿತು. ಹುಡುಗನ ತಂದೆಯು ಬೇಸತ್ತು, ಇದನ್ನು ಅಟ್ಟಕ್ಕೆ ಹಾಕೆಂದು ಅಪ್ಪಣೆಮಾಡಿದರು. ಹುಡುಗನು ಯಂತ್ರವನ್ನು ಎತ್ತಿಕೊಂಡು ಬಂದು, “ಮೇಷ್ಟ್ರೇ, ಐ.ಸಿ. ಕೆಟ್ಟಿರಬೇಕು. ಹೊಸದನ್ನು ತರಲೇ?” ಎಂದು ಕೇಳಿದನು. ನಾವು ತಿರುಗಿಸಿ ನೋಡಲಾಗಿ ಬಿರಡೆಯ ಎಡಗಾಲು ಬರಿದಾಗಿತ್ತು. “ಇದನ್ನೇಕೆ ಬಿಟ್ಟೆ, ಮಗು?” ಎಂದುದಕ್ಕೆ, “ನಲ್ಲಿಗೆ ನೀರು ಒಳಗೆ ಬರುವುದಕ್ಕೊಂದು, ಹೊರಗೆ ಹೋಗುವುದಕ್ಕೊಂದು, ಎರಡೇ ದಾರಿಯಲ್ಲವೇ ಮೇಷ್ಟ್ರೇ?” ಎಂದನು.

ಹುಡುಗನ ಮಾತು ಜಾಣತನದ್ದೇ. ಆದರೆ ಇಲ್ಲಿ ಸಲ್ಲದು. ಅವನ ಐ.ಸಿ.ಯು ತನ್ನ ಬಾಗಿಲಲ್ಲಿ ೫೦,೦೦೦ ಓಮಿನಷ್ಟು ತಡೆಯನ್ನು ಹೊಂದಿರತಕ್ಕದ್ದು. ಬಿರಡೆಯದು ೧೦,೦೦೦ ಓಮ್. ತಳದ ಕಾಲನ್ನು ಬಿಟ್ಟಾಗ ಬಿರಡೆಯು ಬರಿಯ ಅಡ್ಡಗಟ್ಟೆಯಾಗುವುದು. ಪೂರ್ತಿ ಎಡಕ್ಕೆ ತಿರುಗಿಸಿದರೂ ಒಟ್ಟು ೬೦,೦೦೦ದಲ್ಲಿ ೫೦,೦೦೦ದ ಪಾಲು, ಎಂದರೆ ಆರರಲ್ಲಿ ಐದು ಪಾಲು, ಒಳಕ್ಕೆ ಹೋಗಿಯೇ ಹೋಗುವುದು. ಇಷ್ಟು ಅಲ್ಪ ಇಳಿತವನ್ನು ಕಿವಿಯು ಗಮನಿಸುವುದೇ ಕಷ್ಟ. ಒಂದು ಗೇಣು ತಂತಿಯಿಂದ ಎಡಗಾಲನ್ನು ತಳಕ್ಕೆ ಬೆಸೆದೊಡನೆಯೇ ಯಂತ್ರವು ಹೇಳಿದಂತೆ ಕೇಳಿತು. ಅಟ್ಟಕ್ಕೆ ಹೋಗಬೇಕಾಗಿದ್ದುದು ಈಗ ಅಜ್ಜಿಯ ಮಂಚದ ಬಳಿ ಇದೆ.

ಕಿವಿಯ ಲೆಕ್ಕ

ಅಂಗಡಿಯಲ್ಲಿ ಬಿರಡೆಗಳು ಎರಡು ಜಾತಿಯವು ದೊರೆಯುವುವು. ಒಂದರ ಹೆಸರು ಲೀನಿಯರ್. ಇನ್ನೊಂದರ ಹೆಸರು ಲಾಗ್ ಅಥವಾ ಆಡಿಯೋ. ಹೊರರೂಪದಲ್ಲಿ ಎರಡಕ್ಕೂ ಭೇದವಿಲ್ಲ. ಭೇದವು ಕಿವಿಯ ಸ್ವಭಾವವನ್ನು ತಿಳಿದರೆ ಮಾತ್ರ ಗೊತ್ತಾಗುವುದು.

ಕತ್ತಲೆಯ ಕೋಣೆಯಲ್ಲಿ ಒಂದು ಹಣತೆಯಿರುವಲ್ಲಿ ಇನ್ನೊಂದನ್ನು ಹಚ್ಚಿದರೆ ಬೆಳಕು ಹೆಚ್ಚಿತೆಂದು ಮಕ್ಕಳೂ ಹೇಳುವರು. ಅದೇ ಹಣತೆಯನ್ನು ಲಕ್ಷದೀಪೋತ್ಸವದಲ್ಲಿ ಹಚ್ಚಿದರೆ ಯಾರಿಗೂ ತಿಳಿಯದು. ಇಂದ್ರಿಯಗಳು ಕೂಡಿಸಿದ ಮೊತ್ತವನ್ನು ನೋಡುವುದಿಲ್ಲ. ಮೊದಲಿದ್ದುದಕ್ಕೆ ಎಷ್ಟು ಪಟ್ಟಾಯಿತೆಂಬುದನ್ನು ನೋಡುವುವು. ಜರ್ಮನಿಯ ವೇಬರ್ ಎಂಬ ವಿದ್ವಾಂಸನು ಭಾರಗಳನ್ನು ಎತ್ತಿಸಿ ಮಾಡಿದ ಪರೀಕ್ಷೆಗಳಿಂದ ಈ ತತ್ತ್ವವನ್ನು ಕಂಡನು; ಫೆಕ್ನರ್ ಎಂಬಾತನು ೧೮೬೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದಕ್ಕೆ ಗಣಿತದ ರೂಪವನ್ನು ಕೊಟ್ಟನು. ಶಬ್ದವನ್ನು ಅಳೆಯುವ ಡೆಸಿಬೆಲ್ ಎಂಬ ಮಾನವೂ ಪಟ್ಟುಗಳ ಲೆಕ್ಕವೇ. ಸುಮಾರು ೧೦ ಡೆಸಿಬೆಲ್ ಇಳಿದರೆ ಶಬ್ದವು ಅರ್ಧವಾಯಿತೆಂದು ಕಿವಿಗೆ ತೋರುವುದು.

ಲೀನಿಯರ್ ಬಿರಡೆಯಲ್ಲಿ ಕಲ್ಯಾಣಿಯ ಮೆಟ್ಟಿಲುಗಳೆಲ್ಲವೂ ಒಂದೇ ಎತ್ತರ. ಅರ್ಧ ತಿರುವಿಗೆ ವಿಭವವು ಅರ್ಧವಾಗುವುದು. ಎಂದರೆ ೬ ಡೆಸಿಬೆಲ್ ಮಾತ್ರ ಇಳಿಯುವುದು. ಕಿವಿಗೆ ಇದು ಅರ್ಧವೂ ಅಲ್ಲ. ಶಬ್ದವು ನಿಜವಾಗಿ ತಗ್ಗುವುದೆಲ್ಲವೂ ಎಡತುದಿಯ ಕೊನೆಯ ಒಂದೆರಡು ಅಂಗುಲದ ತಿರುವಿನಲ್ಲಿಯೇ ಆಗಿಬಿಡುವುದು. ಅಜ್ಜಿಯ ನಡುಗುವ ಬೆರಳು ಕೂದಲೆಳೆಯಷ್ಟು ಜರುಗಿದರೆ ಪಿಸುಮಾತು ಗರ್ಜನೆಯಾಗುವುದು.

ಲಾಗ್ ಬಿರಡೆಯಲ್ಲಾದರೋ ಕೆಳಗಿನ ಮೆಟ್ಟಿಲುಗಳು ಗಿಡ್ಡ, ಮೇಲೇರಿದಂತೆಲ್ಲ ಎತ್ತರ. ಅರ್ಧ ತಿರುವಿನಲ್ಲಿ ವಿಭವವು ಸುಮಾರು ಹತ್ತರಲ್ಲೊಂದು ಪಾಲಿರುವುದು; ಇದು ೨೦ ಡೆಸಿಬೆಲ್‌ಗಳ ಇಳಿತ. ಹೀಗೆ ಬೆರಳಿನ ತಿರುವಿಗೂ ಕಿವಿಯ ಅನುಭವಕ್ಕೂ ಹೊಂದಿಕೆಯುಂಟಾಗುವುದು. ಆದುದರಿಂದ ಧ್ವನಿಯನ್ನು ಏರಿಳಿಸುವುದಕ್ಕೆ ಲಾಗ್ ಬಿರಡೆಯನ್ನೇ ಕೊಳ್ಳತಕ್ಕದ್ದು. ಈಗಿನ ಸರಕಿನ ಮೇಲೆ ಸಾಮಾನ್ಯವಾಗಿ ಇಂಗ್ಲಿಷಿನ ‘ಎ’ ಅಕ್ಷರವಿದ್ದರೆ ಲಾಗ್, ‘ಬಿ’ ಇದ್ದರೆ ಲೀನಿಯರ್; ಆದರೆ ಯೂರೋಪಿನ ಹಳೆಯ ಸರಕಿನಲ್ಲಿ ‘ಎ’ ಎಂಬುದೇ ಲೀನಿಯರ್ ಆಗಿರುವುದುಂಟು. ಅಕ್ಷರವನ್ನು ನಂಬುವುದಕ್ಕಿಂತ ಅಳೆದು ನೋಡುವುದು ಲೇಸು.

ಜೋಡಿಸುವ ಕ್ರಮ

ಉದಾಹರಣೆಗಾಗಿ ನಾವು ಎಲ್‌ಎಂ ೩೮೬ ಎಂಬ ಎಂಟು ಕಾಲಿನ ಐ.ಸಿ.ಯನ್ನು ತೆಗೆದುಕೊಳ್ಳುವೆವು. ಇದು ಅಗ್ಗವಾದುದು, ಆರು ಸಣ್ಣ ಬ್ಯಾಟರಿ ಸೆಲ್ಲುಗಳ ೯ ವೋಲ್ಟಿನಿಂದ ನಡೆಯುವುದರಿಂದ ಮಕ್ಕಳ ಕೈಗೆ ಅಪಾಯವಿಲ್ಲದುದು. ಇದು ತನಗೆ ಬಂದ ವಿಭವವನ್ನು ಸಹಜವಾಗಿ ೨೦ ಪಟ್ಟು ಹೆಚ್ಚಿಸುವುದು.

ಈ ೨೦ ಪಟ್ಟೆಂಬ ಲೆಕ್ಕದಿಂದಲೇ ಬಿರಡೆಯ ಸ್ಥಾನವೂ ತಿಳಿಯುವುದು. ಮೊಬೈಲಿನಿಂದ ಅರ್ಧ ವೋಲ್ಟ್ ಬಂದಿತೆನ್ನೋಣ. ಅದರ ೨೦ ಪಟ್ಟು ೧೦ ವೋಲ್ಟ್. ಒಂಬತ್ತು ವೋಲ್ಟಿನ ಬ್ಯಾಟರಿಯು ಅದನ್ನು ಕೊಡಲಾರದು. ಶಬ್ದದ ಅಲೆಗಳ ತಲೆಯು ಕತ್ತರಿಸಿ, ಹಾಡು ಒಡಕು ತಮಟೆಯಂತಾಗುವುದು. ಆದುದರಿಂದ ಪಾಲುಮಾಡುವ ಕೆಲಸವು ವರ್ಧನೆಗೆ ಮೊದಲೇ ಆಗಬೇಕು. ಕೆಲವರು ಬಿರಡೆಯನ್ನು ಐ.ಸಿ.ಗೂ ಸ್ಪೀಕರಿಗೂ ನಡುವೆ ಇಡುವರು. ಸ್ಪೀಕರಿನ ತಡೆಯು ೮ ಓಮ್ ಮಾತ್ರ; ಅದರ ದಾರಿಯಲ್ಲಿ ೧೦,೦೦೦ ಓಮಿನ ಬಿರಡೆಯನ್ನಿಟ್ಟರೆ ಅದನ್ನು ತಿರುಗಿಸಿದೊಡನೆಯೇ ಶಬ್ದವು ಅಡಗಿಹೋಗುವುದು. ದೊಡ್ಡ ಯಂತ್ರಗಳಲ್ಲಿ ಇಂಗಾಲದ ಲೇಪವೇ ಸುಟ್ಟುಹೋದೀತು.

ಮೊದಲು ಬೇಕಾದ ಸಾಮಾನು: ೧೦,೦೦೦ ಓಮಿನ, ಎಂದರೆ ಅಂಗಡಿಯವರು ಹತ್ತು ‘ಕೆ’ ಎನ್ನುವ, ಲಾಗ್ ಬಿರಡೆ ಒಂದು, ೧ ಮೈಕ್ರೋಫ್ಯಾರಡಿನ ಕೆಪಾಸಿಟರ್ ಒಂದು, ಸಾವಿರ ಓಮಿನ ರೆಸಿಸ್ಟರ್ ಎರಡು, ಒಂದು ಮೊಳ ಶೀಲ್ಡ್ ವೈರ್, ಬೆಸುಗೆಯ ಸಲಕರಣೆ, ಮಲ್ಟಿಮೀಟರ್.

ಬಿರಡೆಯನ್ನು ಬೆಸೆಯುವ ಮುನ್ನ ಪರೀಕ್ಷಿಸಬೇಕು. ಮಲ್ಟಿಮೀಟರನ್ನು ಓಮಿಗೆ ತಿರುಗಿಸಿ ಎರಡು ಕೊನೆಯ ಕಾಲುಗಳಿಗೆ ಮುಟ್ಟಿಸಿದರೆ, ದಂಡವನ್ನು ಎಲ್ಲಿ ತಿರುಗಿಸಿದರೂ, ಸುಮಾರು ೧೦,೦೦೦ವೇ ತೋರಬೇಕು; ಸಾವಿರ ಎರಡು ಸಾವಿರ ಹೆಚ್ಚುಕಡಮೆಯಾದರೆ ಚಿಂತೆಯಿಲ್ಲ. ಅನಂತರ ದಂಡವು ನಮ್ಮ ಕಡೆಗೂ ಕಾಲುಗಳು ಕೆಳಮುಖವಾಗಿಯೂ ಇರುವಂತೆ ಹಿಡಿದು ಎಡಗಾಲಿಗೂ ನಡುಗಾಲಿಗೂ ಮುಟ್ಟಿಸಬೇಕು. ಪೂರ್ತಿ ಎಡಕ್ಕೆ ತಿರುಗಿಸಿದಾಗ ಹೆಚ್ಚುಕಡಮೆ ಸೊನ್ನೆ, ಪ್ರದಕ್ಷಿಣವಾಗಿ ಪೂರ್ತಿ ಬಲಕ್ಕೆ ತಿರುಗಿಸಿದಾಗ ೧೦,೦೦೦ ಬರಬೇಕು. ನಟ್ಟನಡುವೆ ನಿಲ್ಲಿಸಿದಾಗ ೫,೦೦೦ ತೋರಿದರೆ ಅದು ಲೀನಿಯರ್. ೧,೦೦೦ದಿಂದ ೧,೫೦೦ರವರೆಗೆ ತೋರಿದರೆ ಲಾಗ್.

ಇನ್ನು ಬೆಸೆಯುವುದು. ಬಲಗಾಲಿಗೆ ಹೊರಗಿನಿಂದ ಬರುವ ಶಬ್ದ, ನಡುಗಾಲಿನಿಂದ ಐ.ಸಿ.ಯ ಮೂರನೆಯ ಕಾಲಿಗೆ. ಎಡಗಾಲಿನಿಂದ ತಳದ ತಂತಿಗೆ. ತಳದ ತಂತಿಯೆಂದರೆ ಬ್ಯಾಟರಿಯ ಋಣತುದಿ, ಐ.ಸಿ.ಯ ಎರಡನೆಯ ಮತ್ತು ನಾಲ್ಕನೆಯ ಕಾಲುಗಳು, ಶಬ್ದ ತರುವ ತಂತಿಯ ಹೊರಹೆಣಿಗೆ ಇವೆಲ್ಲವೂ ಕೂಡುವ ಸಾಮಾನ್ಯ ತಂತಿ. ಇದಕ್ಕೆ ಗ್ರೌಂಡ್ ಎನ್ನುವರು. ಹೆಸರಿನಿಂದ ಭ್ರಮೆಗೊಂಡು ಇದನ್ನು ಗೋಡೆಯ ಅರ್ತ್ ತಂತಿಗೆ ಸೇರಿಸುವ ಅಗತ್ಯವಿಲ್ಲ.

ಮೊಬೈಲಿನ ಇಯರ್‌ಫೋನ್ ತಂತಿಯಲ್ಲಿ ಎಡಗಿವಿಯದೊಂದು, ಬಲಗಿವಿಯದೊಂದು, ಹೀಗೆ ಎರಡು ಶಬ್ದಗಳು ಬರುವುವು. ಅವೆರಡನ್ನೂ ನೇರವಾಗಿ ತಿರುಚಿ ಕೂಡಿಸಬಾರದು. ಒಂದರ ಬಲವು ಇನ್ನೊಂದರ ಮೇಲೆ ಬೀಳುವುದು. ಒಂದೊಂದಕ್ಕೂ ಸಾವಿರ ಓಮಿನ ರೆಸಿಸ್ಟರನ್ನು ಸೇರಿಸಿ, ಆ ಎರಡರ ಕೊನೆಗಳನ್ನು ಕೂಡಿಸಬೇಕು. ಅಲ್ಲಿಂದ ಕೆಪಾಸಿಟರಿನ ಮೂಲಕ ಬಿರಡೆಯ ಬಲಗಾಲಿಗೆ ತರಬೇಕು. ಕೆಪಾಸಿಟರು ಕಾವಲುಗಾರನಿದ್ದಂತೆ: ಅಲೆಯಾಗಿ ಬರುವ ಶಬ್ದವನ್ನು ಒಳಕ್ಕೆ ಬಿಟ್ಟು, ಒಂದೇ ಸಮನಾಗಿ ನುಗ್ಗುವ ನೇರ ವಿದ್ಯುತ್ತನ್ನು ತಡೆಯುವುದು. ನೇರ ವಿದ್ಯುತ್ತು ಬಿರಡೆಯ ಪಟ್ಟಿಯನ್ನು ಹೊಕ್ಕರೆ ತಿರುಗಿಸಿದಾಗಲೆಲ್ಲ ಚರಚರ ಸದ್ದಾಗುವುದು.

ಹಳೆಯ ವಾಲ್ವ್ ರೇಡಿಯೋಗಳಲ್ಲಿ ಐದು ಲಕ್ಷ, ಹತ್ತು ಲಕ್ಷ ಓಮಿನ ಬಿರಡೆಗಳಿದ್ದುವು. ವಾಲ್ವ್‌ಗಳ ಬಾಗಿಲು ವಿದ್ಯುತ್ತನ್ನು ಹೆಚ್ಚುಕಡಮೆ ಕುಡಿಯುತ್ತಲೇ ಇರಲಿಲ್ಲವಾದುದರಿಂದ ಅವು ಅಲ್ಲಿ ಒಪ್ಪಿದುವು. ಅಂಥದನ್ನು ಬಿಚ್ಚಿತಂದು ಈ ಐ.ಸಿ.ಗೆ ಹಾಕಿದರೆ ಕಲ್ಯಾಣಿಯ ಲೆಕ್ಕ ತಪ್ಪುವುದು, ಗುಂಯ್‌ಗುಟ್ಟುವಿಕೆಯೂ ಹೆಚ್ಚುವುದು.

ದೋಷಗಳೂ ಪರಿಹಾರಗಳೂ

ಬಲಕ್ಕೆ ತಿರುಗಿಸಿದರೆ ಶಬ್ದವು ತಗ್ಗಿ, ಎಡಕ್ಕೆ ತಿರುಗಿಸಿದರೆ ಹೆಚ್ಚಿದರೆ, ಎರಡು ಕೊನೆಯ ಕಾಲುಗಳು ಅದಲುಬದಲಾಗಿವೆ ಎಂದು ತಿಳಿಯಬೇಕು. ಯಂತ್ರಕ್ಕೆ ಇದರಿಂದ ಕೇಡಿಲ್ಲ, ಕೇಳುವವರಿಗೆ ಉಂಟು. ಏಕೆಂದರೆ ತಗ್ಗಿಸಹೋದವನು ಅಬ್ಬರವೆಬ್ಬಿಸುವನು.

ಎಷ್ಟು ತಿರುಗಿಸಿದರೂ ಶಬ್ದವು ತಗ್ಗದಿದ್ದರೆ, ಮೇಲೆ ಹೇಳಿದಂತೆ ತಳದ ಕಾಲು ಬಿಟ್ಟಿದೆ ಅಥವಾ ಅದರ ಬೆಸುಗೆ ಹುಸಿಯಾಗಿದೆ.

ಹಾಡಿನ ಹಿಂದೆ ದುಂಬಿಯಂತೆ ಗುಂಯ್ ಎಂಬ ನಾದವಿದ್ದರೆ, ಮನೆಯ ವಿದ್ಯುತ್ತಿನ ಕಂಪನವು ತಂತಿಯೊಳಗೆ ನುಸುಳುತ್ತಿದೆ. ನಮ್ಮ ದೇಶದಲ್ಲಿ ಅದು ಸೆಕೆಂಡಿಗೆ ೫೦ ಆವರ್ತ. ಶೀಲ್ಡ್ ವೈರನ್ನು ಉಪಯೋಗಿಸಿ ಅದರ ಹೆಣಿಗೆಯನ್ನು ತಳಕ್ಕೆ ಸೇರಿಸಬೇಕು. ಬಿರಡೆಯ ತಗಡಿನ ಕವಚಕ್ಕೂ ತಳದ ತಂತಿಯ ಒಂದು ಎಳೆಯನ್ನು ತಗುಲಿಸಬೇಕು. ಬಿರಡೆಗೆ ಬೆರಳು ಮುಟ್ಟಿಸಿದಾಗ ಗುಂಯ್‌ಗುಟ್ಟುವಿಕೆಯು ಬದಲಾದರೆ ಕವಚಕ್ಕೆ ತಳವಿಲ್ಲವೆಂಬುದೇ ಅದರ ಅರ್ಥ.

ವರ್ಷಗಳು ಕಳೆದ ಮೇಲೆ ಚರಚರ ಸದ್ದು ಬಂದರೆ ಧೂಳು ಸೇರಿರಬಹುದು. ಬ್ಯಾಟರಿಯನ್ನು ಬಿಚ್ಚಿ ಬಿರಡೆಯನ್ನು ಇಪ್ಪತ್ತು ಮೂವತ್ತು ಸಲ ಆಕಡೆ ಈಕಡೆ ತಿರುಗಿಸಿದರೆ ಅನೇಕವೇಳೆ ಸರಿಹೋಗುವುದು. ಇಲ್ಲದಿದ್ದರೆ ಹೊಸದನ್ನು ಹಾಕುವುದು ಮೇಲು. ಅಡುಗೆಯ ಎಣ್ಣೆಯನ್ನು ಮಾತ್ರ ಬಿಡಬಾರದು. ಅದು ಅಂಟಾಗಿ ಇನ್ನಷ್ಟು ಧೂಳನ್ನು ಹಿಡಿಯುವುದು.

ಹಿರಿಯರ ಗಮನಕ್ಕೆ

ಮಕ್ಕಳು ಕಟ್ಟುವ ಯಂತ್ರವು ಬ್ಯಾಟರಿಯದಾಗಿರುವವರೆಗೆ ಹಿರಿಯರು ನಿಶ್ಚಿಂತರಾಗಿರಬಹುದು. ಗೋಡೆಯ ೨೩೦ ವೋಲ್ಟ್ ವಿದ್ಯುತ್ತನ್ನು ಬಳಸುವ ಯಂತ್ರವಾದರೆ ತಿಳಿದವರು ಪಕ್ಕದಲ್ಲಿಲ್ಲದೆ ಕೈಯಿಡಗೊಡಬಾರದು. ಹಳೆಯ ರೇಡಿಯೋಗಳಲ್ಲಿ ಕೆಲವಕ್ಕೆ ಟ್ರಾನ್ಸ್‌ಫಾರ್ಮರ್ ಇರದೆ ಲೋಹದ ಚೌಕಟ್ಟಿನಲ್ಲಿಯೇ ಗೋಡೆಯ ವಿದ್ಯುತ್ತು ಹರಿಯುವುದುಂಟು. ಅಂಥದಕ್ಕೆ ಮನೆಯ ಯಂತ್ರವನ್ನು ಸೇರಿಸಲೇಬಾರದು.

ಇನ್ನೊಂದು ಮಾತು ಕಿವಿಯ ವಿಷಯ. ೮೫ ಡೆಸಿಬೆಲ್‌ಗಳ ಶಬ್ದವನ್ನು ದಿನಕ್ಕೆ ೮ ಗಂಟೆಗಿಂತ ಹೆಚ್ಚು ಕೇಳಬಾರದೆಂದೂ, ಅಲ್ಲಿಂದ ಮೇಲೆ ೩ ಡೆಸಿಬೆಲ್ ಏರಿದಂತೆಲ್ಲ ಕಾಲವು ಅರ್ಧವಾಗಬೇಕೆಂದೂ ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು ಸೂಚಿಸಿದೆ. ಆ ಲೆಕ್ಕದಿಂದ ೯೪ ಡೆಸಿಬೆಲ್‌ಗೆ ಒಂದೇ ಗಂಟೆ. ನಾವು ವರ್ಣಿಸಿದ ಸಣ್ಣ ಯಂತ್ರವನ್ನು ಕಿವಿಯ ಬಳಿಯೇ ಇಡದಿದ್ದರೆ ಅಷ್ಟು ಭಯವಿಲ್ಲ. ಆದರೆ ಇಂದು ಇದನ್ನು ಕಟ್ಟಿದ ಹುಡುಗನು ನಾಳೆ ಇದರ ಇಪ್ಪತ್ತು ಮೂವತ್ತು ಪಟ್ಟು ಬಲದ ಯಂತ್ರವನ್ನು ಕಟ್ಟುವನು. ಅಲ್ಲಿಯೂ ಇವೇ ಮೂರು ಕಾಲುಗಳು. ಕಿವಿಯೊಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ನೆರೆಹೊರೆಯವರ ವಿಷಯದಲ್ಲಿ ೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಕ್ಕೆ ಹಗಲು ೫೫, ರಾತ್ರಿ ೧೦ರಿಂದ ಬೆಳಗ್ಗೆ ೬ರವರೆಗೆ ೪೫ ಡೆಸಿಬೆಲ್‌ಗಳ ಮಿತಿಯನ್ನು ವಿಧಿಸಿವೆ.

ಆದುದರಿಂದ ಯಂತ್ರವನ್ನು ಕಟ್ಟಿದ ಮಕ್ಕಳಿಗೆ ಎರಡು ಅಭ್ಯಾಸಗಳನ್ನು ಹಿರಿಯರು ಕಲಿಸಬೇಕು. ಸ್ವಿಚ್ಚನ್ನು ಒತ್ತುವ ಮುನ್ನ ಬಿರಡೆಯನ್ನು ಪೂರ್ತಿ ಎಡಕ್ಕೆ ತಿರುಗಿಸುವುದು ಒಂದು. ಆರಿಸುವ ಮುನ್ನವೂ ಹಾಗೆಯೇ ಮಾಡುವುದು ಇನ್ನೊಂದು. ವೃದ್ಧರಿಗಾಗಿ ಕಟ್ಟಿದ ಯಂತ್ರವಾದರೆ, ಅವರ ಕಿವಿಗೆ ಹಿತವಾದ ಮಟ್ಟದಲ್ಲಿ ಬಿರಡೆಯನ್ನು ನಿಲ್ಲಿಸಿ, ಅದರ ಗುಂಡಿಯ ಅಂಚಿಗೂ ಪೆಟ್ಟಿಗೆಗೂ ನೇರವಾಗಿ ಒಂದೊಂದು ಗೀರನ್ನು ಹಾಕಿಕೊಡಬೇಕು. ಕಣ್ಣು ಕಾಣದಿದ್ದರೂ ಬೆರಳಿಗೆ ಗೀರು ಸಿಕ್ಕುವುದು. ರಾತ್ರಿ ಯಾರನ್ನೂ ಎಬ್ಬಿಸದೆ, ಯಾರನ್ನೂ ಕೇಳಿಕೊಳ್ಳದೆ, ತಮಗೆ ಬೇಕಾದಷ್ಟು ಧ್ವನಿಯನ್ನು ತಾವೇ ಇಟ್ಟುಕೊಳ್ಳುವರು. ಹತ್ತು ಹದಿನೈದು ನಿಮಿಷಗಳ ಬೆಸುಗೆಯ ಕೆಲಸಕ್ಕೆ ಇದು ಸಾಕಷ್ಟು ಫಲವೆಂದು ತಿಳಿದು ಲೇಖನವನ್ನು ಇಲ್ಲಿಗೆ ಮುಗಿಸುವೆವು.